ಅಲ್ಬೇನಿಯಾದ ಕಡಲಿಗೆ ಶರಫಿಯಾದ ಉಡುಗೆ

ಜಿದ್ದಾದಿಂದ ನಾವು ಹೊರಟ ಬೆಳಗ್ಗೆ ವಿಮಾನ ನಿಲ್ದಾಣದ ಹೊರಗೆ ಒಲೆಯ ಮುಂದೆ ನಿಂತಷ್ಟು ಬಿಸಿ. ನನ್ನ ಗಂಡ ಹಮೀದರ ಕೈಯಲ್ಲಿ ಮಾತ್ರ ಉಣ್ಣೆಯ ಸ್ವೆಟರ್. ರಜೆ ಎಂದರೆ ಅವರಿಗೆ ಬೆಟ್ಟ, ಬೆಟ್ಟ ಎಂದರೆ ಚಳಿ. ಊರಿಗೆ ಹೋಗದ ವರ್ಷಗಳಲ್ಲಿ ನನ್ನನ್ನು ಬೆಟ್ಟದ ಮೇಲಿನ ತಾಯಿಫ್‌ಗೆ ಕರೆದೊಯ್ದು, ತಂಪು ಗಾಳಿ ಬೀಸಿದಾಗಲೆಲ್ಲ ಅದನ್ನು ತಾವೇ ತರಿಸಿದವರ ಹಾಗೆ ನನ್ನ ಮುಖ ನೋಡುವವರು. ಮಗಳು ಮಂಗಳೂರಿನ ಹಾಸ್ಟೆಲ್ ಸೇರಿದ್ದರಿಂದ ಈ ಸಲ ನಾವಿಬ್ಬರೇ. ಅಲ್ಬೇನಿಯಾವನ್ನು ಆರಿಸಿದ್ದೂ ಅವರೇ. ಯುರೋಪಿನ ಪುಟ್ಟ ದೇಶ, ಬೆಟ್ಟಕ್ಕೆ ಬೆಟ್ಟ, ಕಡಲಿಗೆ ಕಡಲು, ಹಲಾಲ್ ಊಟಕ್ಕೂ ಪರದಾಟವಿಲ್ಲ. ಆದರೆ ಅವರ ಯೋಜನೆಯಲ್ಲಿ ಕಡಲಿಗೆ ಸಿಕ್ಕಿದ್ದು ಒಂದು ಫೋಟೋ ತೆಗೆಯುವಷ್ಟು ಹೊತ್ತು.

"ಜಿದ್ದಾದಲ್ಲಿ ಇದ್ದುಕೊಂಡು ಕಡಲು ನೋಡ್ಲಿಕ್ಕೆ ಯಾರಾದ್ರೂ ವಿಮಾನ ಹತ್ತುತ್ತಾರಾ?" ಎಂದರು.

ನನ್ನ ಬ್ಯಾಗಿನಲ್ಲಿ, ಉಪ್ಪಿನಕಾಯಿ ಬಾಟಲಿಯ ಅಡಿಯಲ್ಲಿ, ಅವರಿಗೆ ಗೊತ್ತಿಲ್ಲದ ಒಂದು ಈಜುಡುಗೆ ಇತ್ತು. ನಾನು ಉಳ್ಳಾಲದಲ್ಲಿ ಕಡಲಿನ ಸದ್ದು ಕೇಳುತ್ತ ಬೆಳೆದವಳು. ಅಣ್ಣಂದಿರು ನೀರಿಗೆ ಹಾರುತ್ತಿದ್ದರು, ನಾನು ಮರಳಿನಲ್ಲಿ ಕೂತು ಅವರ ಅಂಗಿ ಕಾಯುತ್ತಿದ್ದೆ. ಜಿದ್ದಾದಲ್ಲೂ ಅಷ್ಟೇ. ಶುಕ್ರವಾರ ಸಂಜೆ ಕಡಲ ದಂಡೆಯಲ್ಲಿ ಚಾಪೆ ಹಾಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸುವುದು. ಒಮ್ಮೆಯಾದರೂ ನೆಲದಿಂದ ಕಾಲು ಬಿಟ್ಟು ನೀರಿನ ಮೇಲೆ ಇರಬೇಕು ಎಂಬ ಆಸೆ ಐವತ್ತು ಹತ್ತಿರವಾದರೂ ಹೋಗಿರಲಿಲ್ಲ.

ಅಂಗಡಿಯಲ್ಲಿ ಸಿಗುವ ಮೈಮುಚ್ಚುವ ಈಜುಡುಗೆಗಳು ನನಗೆ ಬಿಗಿ ಎನಿಸಿದವು. ಜಿದ್ದಾದ ಶರಫಿಯಾ ಪೇಟೆಯಲ್ಲಿ ನನ್ನ ಚೂಡಿದಾರಗಳನ್ನೆಲ್ಲ ಹೊಲಿಯುವ ಹೈದರಾಬಾದಿನ ದರ್ಜಿಯ ಬಳಿ ಹೋಗಿ, ಲೂಸ್ ಇರಲಿ, ಇನ್ನೂ ಲೂಸ್ ಇರಲಿ ಎಂದೆ. ಅವರು ದಪ್ಪ ಬಟ್ಟೆ ತೆಗೆದು, ಮಣಿಕಟ್ಟಿಗೂ ಪಾದದ ಗಂಟಿಗೂ ಬಿಗಿಯಾದ ಇಲಾಸ್ಟಿಕ್ ಹಾಕಿ ಕೊಟ್ಟರು. "ಫಿಕರ್ ಮತ್ ಕರೋ ಬಹನ್, ಒಂದು ಹನಿ ನೀರೂ ಒಳಗೆ ಹೋಗಲ್ಲ" ಎಂದರು. ಆಗಲೇ ನನಗೆ ಸಂಶಯ ಬರಬೇಕಿತ್ತು.

ರಾಜಧಾನಿ ತಿರಾನಾದಲ್ಲಿ ಇಳಿದು, ಬಾಡಿಗೆ ಕಾರಿನಲ್ಲಿ ಮೊದಲು ಉತ್ತರದ ಥೆತ್ ಎಂಬ ಬೆಟ್ಟದೂರಿಗೆ ಹೋದೆವು. ರಸ್ತೆ ಹಾವಿನಂತೆ ಸುತ್ತುತ್ತಿತ್ತು. ಕಲ್ಲಿನ ಮನೆಗಳು, ಹಿಂದೆ ಬೂದು ಬಣ್ಣದ ಶಿಖರಗಳು. ಚೀಸ್ ತುಂಬಿದ ಪದರ ಪದರದ ರೊಟ್ಟಿಯ ಜೊತೆ ಲೋಟ ತುಂಬ ಮಜ್ಜಿಗೆ ಕೊಟ್ಟರು. ಉಪ್ಪು ಹಾಕಿದ ಥೇಟ್ ನಮ್ಮ ಮಜ್ಜಿಗೆ. ಸಂಜೆ ನಿಜವಾಗಿಯೂ ಚಳಿಯಾಯಿತು, ಹಮೀದರ ಸ್ವೆಟರಿಗೆ ಜನ್ಮ ಸಾರ್ಥಕವಾಯಿತು. ಸುಳ್ಳು ಹೇಳಬಾರದು, ನನಗೂ ತುಂಬ ಖುಷಿಯಾಯಿತು.

ಆಮೇಲೆ ದಕ್ಷಿಣಕ್ಕೆ, ಲೊಗಾರಾ ಎಂಬ ಘಾಟಿಗೆ. ಪೈನ್ ಮರಗಳ ನಡುವೆ ಹತ್ತಿ ಹತ್ತಿ ತುದಿ ಮುಟ್ಟಿದಾಗ ಕೆಳಗೆ ಒಮ್ಮೆಲೇ ಕಡಲು. ಅಂಥ ನೀಲಿಯನ್ನು ನಾನು ಬಟ್ಟೆ ಅಂಗಡಿಯಲ್ಲೂ ಕಂಡಿರಲಿಲ್ಲ. ಹಮೀದ್ ಫೋಟೋ ತೆಗೆದು, "ಆಯ್ತಲ್ಲ? ಯಲ್ಲಾ, ನಡಿ, ವಾಪಸ್" ಎಂದರು. ಇನ್ನೊಂದು ಬೆಟ್ಟ ಕಾಯುತ್ತಿತ್ತು.

ನಾನು ಕಾರು ಹತ್ತಲಿಲ್ಲ. "ನಂಗೆ ಈಜ್ಬೇಕು" ಎಂದೆ.

"ಎಂತ?"

"ಈಜ್ಬೇಕು. ಡ್ರೆಸ್ ತಂದಿದ್ದೇನೆ."

"ನಿಂಗೆ ಈಜ್ಲಿಕ್ಕೆ ಬರುದಿಲ್ಲ ಮಾರಾಯ್ತಿ!"

"ಅದಕ್ಕೇ ಹೇಳಿದ್ದು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾರನ್ನು ಇಳಿಜಾರಿಗೆ ತಿರುಗಿಸಿದರು. ಕತ್ತಲಾಗುವ ಮೊದಲು ಬೋರ್ಷ್ ಎಂಬ ಊರು ಸೇರಿದೆವು. ಆಲಿವ್ ತೋಟಗಳ ಕೆಳಗೆ ಉದ್ದನೆಯ ದಂಡೆ. ಕೋಣೆ ಕೊಟ್ಟ ದ್ರಿತಾ ಎಂಬಾಕೆ ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಗಟ್ಟಿಗಿತ್ತಿ. ಕಾಫಿ ಕೊಟ್ಟಳು, ಅಂಜೂರ ಕೊಟ್ಟಳು, ಸಾಕು ಎಂದರೆ ಇನ್ನಷ್ಟು ಕೊಟ್ಟಳು.

ಮರುದಿನ ಬೆಳಗ್ಗೆ ಶರಫಿಯಾದ ಉಡುಗೆ ತೊಟ್ಟು ನೀರಿಗಿಳಿದೆ. ಸೊಂಟದವರೆಗೆ ಹೋಗುವಷ್ಟರಲ್ಲಿ ಒಳಗಿದ್ದ ಗಾಳಿಯೆಲ್ಲ ಸಿಕ್ಕಿಹಾಕಿಕೊಂಡು, ಮದುವೆ ಮನೆಯ ಶಾಮಿಯಾನ ಎದ್ದಂತೆ ಉಡುಗೆ ಉಬ್ಬಿತು. ಕಾಲು ಮೇಲೆ, ತಲೆ ಕೆಳಗೆ! ಬಾಯಿ ತುಂಬ ಉಪ್ಪುನೀರು. ಹಮೀದ್ ಪ್ಯಾಂಟ್ ಸಮೇತ ಓಡಿ ಬಂದು ನನ್ನನ್ನು ಎಳೆದರು. ಅವರಿಗೂ ಈಜು ಬಾರದು. ದಂಡೆಯಲ್ಲಿದ್ದವರು ನಗುತ್ತಿದ್ದರು.

"ಸಾಕು ಮಾರಾಯ್ತಿ, ಇಳಿದಾಯ್ತಲ್ಲ" ಎಂದರು ಹಮೀದ್. ನನಗೆ ಅಳು ಬಂತು. ಇಷ್ಟು ದೂರ ಬಂದು ಮತ್ತೆ ಅಂಗಿ ಕಾಯುವುದೇ ನನ್ನ ಹಣೆಬರಹವೇ ಎಂದು ಸಿಟ್ಟೂ ಬಂತು.

ದ್ರಿತಾ ಮನೆಯಿಂದ ಕತ್ತರಿ ಹಿಡಿದು ಬಂದಳು. ಕೇಳಲೂ ಇಲ್ಲ, ಕೈಕಾಲಿನ ಇಲಾಸ್ಟಿಕ್ ಕಚಕ್ಕನೆ ಕತ್ತರಿಸಿ, ಅಂಚಿಗೆ ನಾಲ್ಕಾರು ತೂತು ಮಾಡಿದಳು. "ನೀರು ಒಳಗೆ ಬರಬೇಕು, ಗಾಳಿ ಹೊರಗೆ ಹೋಗಬೇಕು" ಎಂದು ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿ, ನನ್ನ ಕೈ ಹಿಡಿದು ತಾನೂ ನೀರಿಗೆ ನಡೆದಳು. ಬೆನ್ನಿನ ಕೆಳಗೆ ಅಂಗೈ ಕೊಟ್ಟು, "ಮಲಗು. ಮೇಲೆ ನೋಡು" ಎಂದಳು.

ಮಲಗಿದೆ. ಕಿವಿ ನೀರಿನೊಳಗೆ ಹೋಗಿ ಲೋಕದ ಗದ್ದಲವೆಲ್ಲ ನಿಂತಿತು. ಆಕೆ ಅಂಗೈ ತೆಗೆದದ್ದು ಯಾವಾಗ ಎಂದು ನನಗೆ ತಿಳಿಯಲೇ ಇಲ್ಲ. ತಿಳಿದಾಗ ನಕ್ಕೆ, ನಕ್ಕಾಗ ಮುಳುಗಿದೆ, ಎದ್ದು ಮತ್ತೆ ಮಲಗಿದೆ. ದಂಡೆಯಲ್ಲಿ ನನ್ನ ಚಪ್ಪಲಿ, ಟವೆಲ್ ಹಿಡಿದು ನಿಂತಿದ್ದವರು ಹಮೀದ್.

ಉಳಿದ ದಿನಗಳನ್ನೆಲ್ಲ ಅಲ್ಲೇ ಕಳೆದೆವು. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಅವರೇ ಹೇಳಿದರು. ಹೊರಡುವಾಗ ದ್ರಿತಾ ನನ್ನನ್ನು ಅಪ್ಪಿಕೊಂಡು ಒಂದು ಚೀಲ ಅಂಜೂರ ತುರುಕಿದಳು. ಕಾರು ತಿರುವು ದಾಟುವವರೆಗೂ ನಾನು ಹಿಂದಕ್ಕೆ ನೋಡುತ್ತಲೇ ಇದ್ದೆ.

ಜಿದ್ದಾಕ್ಕೆ ಮರಳಿದ ಮೊದಲ ಶುಕ್ರವಾರ ಶರಫಿಯಾದ ಜನಜಂಗುಳಿಯಲ್ಲಿ ದಾರಿ ಮಾಡಿಕೊಂಡು ದರ್ಜಿಯ ಬಳಿ ಹೋದೆವು. ತೂತುಗಳನ್ನು ಕಂಡು ಅವರು ಎದೆಗೆ ಕೈ ಇಟ್ಟುಕೊಂಡರು. ತೆಳು ಬಟ್ಟೆಯಲ್ಲಿ, ಇಲಾಸ್ಟಿಕ್ ಇಲ್ಲದೆ ಇನ್ನೊಂದು ಬೇಕು ಎಂದೆ. ಬಾಗಿಲಲ್ಲಿ ನಿಂತಿದ್ದ ಹಮೀದ್ ಗಂಟಲು ಸರಿಮಾಡಿಕೊಂಡು, "ಗಂಡಸರದ್ದೂ ಹೊಲೀತೀರಾ?" ಎಂದು ಕೇಳಿದರು.

ದರ್ಜಿ ಟೇಪು ತೆಗೆದರು. ನನ್ನ ಗಂಡ ಎರಡೂ ಕೈ ಅಗಲಿಸಿ, ಚಾವಣಿ ನೋಡುತ್ತ ನಿಂತರು. ಆ ನೀರಿನ ಮೇಲೆ ನಾನು ಮಲಗಿದ್ದದ್ದೂ ಹೀಗೆಯೇ.

"ಲೂಸ್ ಇರಲಾ?" ಎಂದರು ದರ್ಜಿ.

"ಬೇಡವೇ ಬೇಡ" ಎಂದು ಅವರಿಗಿಂತ ಮೊದಲು ನಾನು ಹೇಳಿದೆ.