ಬೆಳ್ಳಮ್ಮನೂ ನಾಲ್ಕನೆಯ ಬೋಲ್ಟೂ

ಹರದನಹಳ್ಳಿಯ ಬೆಳ್ಳಮ್ಮನಿಗೆ ಭಯವೆಂದರೆ ಹಿಟ್ಟು ಉಂಡ ಹಾಗೆ, ದಿನಕ್ಕೆ ಎರಡು ಹೊತ್ತು ಬೇಕೇ ಬೇಕು. ಮೋಡ ಕಂಡರೆ ಸಿಡಿಲಿನ ಭಯ, ಮೋಡ ಕಾಣದಿದ್ದರೆ ಬಿಸಿಲಿಗೆ ಕುರಿಮರಿಗಳು ಸೊರಗಿಯಾವು ಎಂಬ ಭಯ. ನೆಂಟರು ಬಸ್ಸು ಹತ್ತಿದರೆ, ಊರು ಮುಟ್ಟಿದೆವು ಎಂದು ಅವರ ಫೋನು ಬರುವವರೆಗೂ ತುತ್ತು ಗಂಟಲಿನಿಂದ ಕೆಳಗಿಳಿಯದು. ಒಂದು ಸಲ ಅವಳ ತಂಗಿ ಪ್ರೇಮಕುಮಾರಿ ಬಂದಿದ್ದವಳು ಅರಕಲಗೂಡಿಗೆ ಹಿಂದಿರುಗಿ, ಫೋನು ಮಾಡುವುದನ್ನು ಮರೆತು ಮಲಗಿಬಿಟ್ಟಳು. ಬೆಳ್ಳಮ್ಮ ಬೆಳಕು ಹರಿಯುತ್ತಲೇ ಮೊದಲ ಬಸ್ಸು ಹಿಡಿದು ಹೋಗಿ ಬಾಗಿಲು ಬಡಿದಳು. ತಂಗಿ ಹಲ್ಲುಜ್ಜುತ್ತ ಬಂದು ಬಾಗಿಲು ತೆಗೆದರೆ, "ಇದೀಯಲ್ಲ, ಸಾಕು ಬುಡು" ಎಂದವಳೇ ತಿರುಗಿ ಬಸ್ ಸ್ಟ್ಯಾಂಡಿಗೆ ನಡೆದಳಂತೆ. ಕಾಫಿ ಕೂಡ ಕುಡಿಯಲಿಲ್ಲ. ಪ್ರೇಮಕುಮಾರಿ ಈಗಲೂ ಅದನ್ನು ಹೇಳಿಕೊಂಡು ನಗುತ್ತಾಳೆ.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬನೇ ಮಗ ಕನಕರಾಜು ಡ್ರೈವರ್ ಆದ, ನೋಡಿ. ಚಿನ್ನದಂಥ ಹುಡುಗ. ಕುಡಿತವಿಲ್ಲ, ಜಗಳವಿಲ್ಲ. ಯಾರೋ ಓಡಿಸಿ ಬಿಟ್ಟ ಹಳೆಯ ಪಿಕಪ್ಪೊಂದನ್ನು ಕೊಂಡು, ನುಗ್ಗೇಹಳ್ಳಿ ಕಡೆಯ ತೆಂಗಿನ ತೋಟಗಳಿಗೆ ಉಪ್ಪು, ಕೋಳಿಗೊಬ್ಬರ ಹೊಡೆಯುತ್ತಿದ್ದ. ತೆಂಗಿನ ಬುಡಕ್ಕೆ ಉಪ್ಪು ಹಾಕುವುದು ಅಲ್ಲಿಯವರ ರೂಢಿ. ಮರಕ್ಕೆ ಅದು ಒಳ್ಳೆಯದೋ ಏನೋ, ಕಬ್ಬಿಣಕ್ಕೆ ಮಾತ್ರ ವಿಷ. ಗಾಡಿಯ ಹೊಟ್ಟೆಯೆಲ್ಲ ತುಕ್ಕು ತಿಂದು ಕೆಂಪಗಾಗಿತ್ತು. ಹ್ಯಾಂಡ್ ಬ್ರೇಕಿನ ಕೇಬಲ್ಲು ಕಿತ್ತುಹೋಗಿ ಯಾವ ಕಾಲವಾಯಿತೋ. ಕನಕರಾಜು ಅದಕ್ಕೆ ತಲೆ ಕೆಡಿಸಿಕೊಂಡವನಲ್ಲ. ನಿಲ್ಲಿಸುವಾಗ ಗೇರಿಗೆ ಹಾಕಿಬಿಟ್ಟರೆ ಗಾಡಿ ಕಲ್ಲುಬಸವನ ಹಾಗೆ ನಿಂತಲ್ಲೇ ನಿಲ್ಲುತ್ತಿತ್ತು.

ಅವತ್ತು ಶನಿವಾರ. ಮಾರನೆಯ ದಿನ ಚನ್ನರಾಯಪಟ್ಟಣದಲ್ಲಿ ಮಂಜುನಾಥಗೌಡರ ಮನೆಯ ಬೀಗರೂಟಕ್ಕೆ ಹಂಡೆ, ಕೊಳಗ, ಒಲೆಗಳನ್ನು ಸಾಗಿಸಲು ಕನಕರಾಜು ಒಪ್ಪಿಕೊಂಡಿದ್ದ. ಆದರೆ ಎರಡು ದಿನದಿಂದ ಗಾಡಿಯಡಿ ಕಟಕಟ ಸದ್ದು. ಗಾಡಿಯ ಹೊಟ್ಟೆಯಡಿ ಉದ್ದಕ್ಕೆ ಒಂದು ಕಬ್ಬಿಣದ ಕೊಳವೆ ಮಲಗಿರುತ್ತದಲ್ಲ, ಮುಂದಿನ ಇಂಜಿನ್ನಿನ ತಿರುಗಾಟವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವುದು, ಅದಕ್ಕೆ ಶಾಫ್ಟು ಎನ್ನುತ್ತಾರೆ. ಅದರ ಜಾಯಿಂಟು ಸವೆದಿತ್ತು. ಹೊಳೆನರಸೀಪುರದ ಮೆಕ್ಯಾನಿಕ್ ದೇವರಾಜ್ ಮಗಳ ಕಾಲೇಜಿನ ಕೆಲಸಕ್ಕೆಂದು ಹಾಸನಕ್ಕೆ ಹೋಗಿದ್ದ. ಅವನ ಅಂಗಡಿಯಿಂದ ಹೊಸ ಜಾಯಿಂಟು ತಂದ ಕನಕರಾಜು, ನಾಲ್ಕು ಬೋಲ್ಟು ಬಿಚ್ಚಿ ಹಾಕುವುದೇನು ಮಹಾ ಕೆಲಸ ಎಂದು ತಾನೇ ಗಾಡಿಯಡಿ ನುಗ್ಗಿದ.

ಮನೆಯ ಮುಂದಿನ ಅಂಗಳ ರಸ್ತೆಯ ಕಡೆಗೆ ಇಳಿಜಾರು. ಗಾಡಿಯ ಮೂತಿ ರಸ್ತೆಗಿತ್ತು. ಕನಕರಾಜು ಹಿಂದಿನ ಚಕ್ರದ ಮುಂದಿನಿಂದಲೇ ಒಳಗೆ ತೂರಿ ಅಂಗಾತ ಮಲಗಿದ. ಹೊರಗೆ ಕಾಣುತ್ತಿದ್ದದ್ದು ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಚಾಚಿದ ಅವನ ಎರಡು ಕಾಲು ಮಾತ್ರ. ಬೆಳ್ಳಮ್ಮ ಅವನ ಅಡಿಗೆ ಒಂದು ಗೋಣಿಚೀಲ ಹಾಸಿ, ಚಕ್ರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು. ಕೂತ ಮೇಲೆ ಬಾಯಿ ಸುಮ್ಮನಿದ್ದೀತೇ?

"ಮಗಾ, ಗಾಲಿಗೊಂದು ಕಲ್ಲು ಕೊಡ್ಲೇನ್ಲಾ?"

"ಕಲ್ಲು ಅಲ್ಲಿ ಇಕ್ಕುದ್ರೆ ನನ್ನ ಕಾಲು ಎಲ್ಲಿ ಇಕ್ಕ್ಲವ್ವಾ? ಗೇರಲ್ಲೈತೆ ಕಣ, ಸುಮ್ಕಿರು."

"ಸೀಮೆಎಣ್ಣೆ ಕಣ್ಣಿಗೆ ಬಿದ್ದಾತು ಕಣ್ಲಾ."

"ಬೀಳಾಕಿಲ್ಲ."

"ಅಲ್ಲೇನೋ ಕಪ್ಪುಗೆ ಅರೀತಾ ಐತೆ. ಚೇಳೇನೋ."

"ವಯರು ಕಣವ್ವಾ."

ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಅವಳ ಗಂಡ ದೊಡ್ಡಬೀರಯ್ಯ ನಕ್ಕ. "ಲೇ ಕನಕ, ಮೊದ್ಲು ನಿಮ್ಮವ್ವನ ಬಾಯಿಗೆ ಒಂದು ಬೋಲ್ಟು ಬಿಗಿ ಕಣ್ಲಾ. ಆಮ್ಯಾಕೆ ಗಾಡೀದು ಬಿಚ್ಚೀವಂತೆ."

"ನಿಮ್ಗೇನು, ಕೂತ್ಕಂಡು ಅಗಿಯೋರಿಗೆ" ಎಂದಳು ಬೆಳ್ಳಮ್ಮ, ಕಣ್ಣನ್ನು ಮಗನ ಕಾಲಿನಿಂದ ಕದಲಿಸದೆ.

ಮೊದಲನೆಯ ಬೋಲ್ಟು ಸೀಮೆಎಣ್ಣೆ ಕುಡಿದು, ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಳೆದ ಮೇಲೆ ಕಿರ್ರೆಂದು ಬಂತು. ಎರಡನೆಯದು ಅರ್ಧ ಸುತ್ತು ತಿರುಗಿ ತಲೆ ಮುರಿದುಕೊಂಡಿತು. ಮೂರನೆಯದು ಬರುವ ಹೊತ್ತಿಗೆ ಕನಕರಾಜುವಿನ ಗೆಣ್ಣು ತರಚಿ ರಕ್ತ ಬಂತು. ಬೆಳ್ಳಮ್ಮ ಅರಿಶಿನ ತರಲು ಎದ್ದವಳು, ತಾನು ಒಳಗೆ ಹೋದಾಗಲೇ ಏನಾದರೂ ಆದೀತೆಂದು ಬಾಗಿಲಿನಿಂದಲೇ ವಾಪಸು ಬಂದಳು. ಈ ಹುಡುಗನ ಹೆಂಡತಿ ನಿಖಿತಾ ಏಳು ತಿಂಗಳ ಬಸುರಿ, ನುಗ್ಗೇಹಳ್ಳಿಯ ತವರಲ್ಲಿದ್ದಾಳೆ. ಆ ಹುಡುಗಿಗೆ ತಾನು ಏನೆಂದು ಉತ್ತರ ಹೇಳುವುದು? ಇನ್ನೂ ಏನೂ ಆಗಿರಲಿಲ್ಲ, ಉತ್ತರ ಹುಡುಕುವುದು ಮಾತ್ರ ಆಗಲೇ ಶುರುವಾಗಿತ್ತು.

ನಾಲ್ಕನೆಯ ಬೋಲ್ಟು ಯಾವುದಕ್ಕೂ ಜಗ್ಗಲಿಲ್ಲ. ನಟ್ಟಿನ ಮೂಲೆಗಳೆಲ್ಲ ಸವೆದು ಅದು ಗೋಲಿಯಂತಾಯಿತು. ಸ್ಪ್ಯಾನರು ಹಿಡಿದರೆ ಜಾರುತ್ತದೆ. ಕನಕರಾಜು ಬೈದ, ಬೆವರು ಒರೆಸಿಕೊಂಡ, ಕೊನೆಗೆ ಉಳಿಯಿಟ್ಟು ಹೊಡೆದು ಹೊಡೆದು ನಟ್ಟನ್ನೇ ಸೀಳಿದ. ಬೋಲ್ಟು ಟಣ್ಣೆಂದು ಕೆಳಗೆ ಬಿತ್ತು.

"ಬಂತು ಕಣವ್ವಾ ಮುಂಡೇದು" ಎಂದ ಒಳಗಿನಿಂದ. ದನಿಯಲ್ಲಿ ಖುಷಿಯಿತ್ತು.

ನಾಲ್ಕೂ ಬಿಚ್ಚಿದ ಮೇಲೆ ಶಾಫ್ಟು ಕಳಚಿ ಕೆಳಗಿಳಿಯಬೇಕಿತ್ತು. ಇಳಿಯಲಿಲ್ಲ. ಆ ಬೋಲ್ಟುಗಳು ಬಿಗಿದಿದ್ದ ಎರಡು ಕಬ್ಬಿಣದ ಬಿಲ್ಲೆಗಳು, ಒಂದು ಶಾಫ್ಟಿನದು, ಒಂದು ಚಕ್ರದ ಕಡೆಯದು, ಎಷ್ಟೋ ವರ್ಷ ಒಂದಕ್ಕೊಂದು ಮುಖ ಕೊಟ್ಟು ಕೂತು ತುಕ್ಕಿನಲ್ಲಿ ಕಚ್ಚಿಕೊಂಡುಬಿಟ್ಟಿದ್ದವು. ಇಲ್ಲೇ ಇದ್ದದ್ದು ಎಡವಟ್ಟು. ಗೇರು ಹಿಂದಿನ ಚಕ್ರವನ್ನು ಹಿಡಿದಿಡುವುದು ಇದೇ ಶಾಫ್ಟಿನ ಕೈಯಿಂದ. ಶಾಫ್ಟು ಕಳಚಿತೋ, ಗೇರು ಒಂದು ಕಡೆ, ಚಕ್ರ ಒಂದು ಕಡೆ. ಕನಕರಾಜುವಿಗೆ ಇದು ಗೊತ್ತಿರದ ವಿಷಯವಲ್ಲ. ಆದರೆ ಗೇರಿಗೆ ಹಾಕಿದರೆ ಗಾಡಿ ನಿಲ್ಲುತ್ತದೆ ಎನ್ನುವುದು ಅವನಿಗೆ ಎಷ್ಟು ರೂಢಿಯಾಗಿತ್ತೆಂದರೆ, ತಾನು ಬಿಚ್ಚುತ್ತಿರುವುದು ಅದನ್ನೇ ಎಂಬುದು ತಲೆಗೆ ಬರಲಿಲ್ಲ. ತಲೆಯೆಲ್ಲ ಬೋಲ್ಟಿನಲ್ಲಿತ್ತು. ಈಗ ಇಳಿಜಾರಿನಲ್ಲಿ ಆ ಗಾಡಿಯನ್ನು ಹಿಡಿದು ನಿಲ್ಲಿಸಿದ್ದದ್ದು ಒಂದಿಷ್ಟು ತುಕ್ಕು, ಅಷ್ಟೇ.

"ಅವ್ವಾ, ಆ ದೊಡ್ಡ ಸುತ್ತಿಗೆ ಕೊಡು. ಒಂದು ಕೊಟ್ರೆ ಕಳಚ್ಕತದೆ" ಎಂದು ಕೈ ಹೊರಗೆ ಚಾಚಿದ.

ಬೆಳ್ಳಮ್ಮ ಸುತ್ತಿಗೆ ಎತ್ತಿಕೊಂಡು ಬಾಗಿದಳು. ಬಾಗಿದವಳಿಗೆ ಗೋಣಿಚೀಲ ಕಂಡಿತು. ತಾನೇ ಹಾಸಿದ ಚೀಲ. ಹಾಸುವಾಗ ಅದರ ಅಂಚು ಚಕ್ರಕ್ಕೆ ತಾಗದಂತೆ ಸರಿಮಾಡಿದ್ದಳು. ಈಗ ಆ ಅಂಚು ಚಕ್ರದ ಕೆಳಗಿತ್ತು. ಅವಳು ನೋಡುತ್ತಿದ್ದಂತೆಯೇ ಇನ್ನೊಂದು ಎಳೆ ಒಳಗೆ ಹೋಯಿತು. ಸದ್ದಿಲ್ಲ, ಅಲುಗಾಟವಿಲ್ಲ. ಇರುವೆ ನಡೆದಂತೆ ಗಾಡಿ ನಡೆಯುತ್ತಿತ್ತು.

ಗಂಟಲಿಗೆ ಬಂದ ಕೂಗನ್ನು ಅವಳು ಕಚ್ಚಿ ಹಿಡಿದಳು. ಕೂಗಿದರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಗ ಸುಮ್ಕಿರವ್ವ ಎನ್ನುತ್ತಾನೆ. ಗಂಡ ಜಗಲಿಯಿಂದ ನಗುತ್ತಾನೆ. ಮಗ ಕೈಗೆ ಸಿಕ್ಕ ಯಾವುದರಿಂದಲೋ ಹೊಡೆದೇ ಬಿಡುತ್ತಾನೆ. ಬೆಳಗಿನಿಂದ ಸೀಮೆಎಣ್ಣೆಗೆ, ವಯರಿಗೆ, ತರಚಿದ ಗೆಣ್ಣಿಗೆ ಕೂಗಿ ಕೂಗಿ ಅವಳ ಕೂಗಿಗೆ ಬೆಲೆಯೇ ಉಳಿದಿರಲಿಲ್ಲ.

ಸುತ್ತಿಗೆಯನ್ನು ಸೆರಗಿನಡಿ ಹಿಡಿದುಕೊಂಡು, ಹಾಲಿನವಳನ್ನು ಮಾತಾಡಿಸುವ ದನಿಯಲ್ಲಿ ಹೇಳಿದಳು. "ನಿಖಿತಾ ಫೋನ್ ಮಾಡವ್ಳೆ ಕಣಪ್ಪಾ. ನಿನ್ನೇ ಕೇಳ್ತಾವ್ಳೆ."

"ಈಗ್ಲಾ? ಆಮೇಲೆ ಮಾಡ್ತನೆ ಅನ್ನು."

"ಈಗ್ಲೇ ಮಾತಾಡ್ಬೇಕಂತೆ. ಡಾಕ್ಟ್ರು ಏನೋ ಅಂದ್ರಂತೆ."

ದೊಡ್ಡಬೀರಯ್ಯನ ಅಗಿತ ನಿಂತಿತು. "ಎಲ್ಲೇ ಬಡ್ಕಂಡ್ತು ಫೋನು? ನಂಗೆ ಕೇಳ್ನೇ ಇಲ್ವಲ್ಲ."

"ನಿಮ್ಗೆ ಗುಡುಗೇ ಕೇಳಾಕಿಲ್ಲ" ಎಂದಳು ಬೆಳ್ಳಮ್ಮ. ಅವಳ ದನಿ ಆಗಲೂ ಏರಲಿಲ್ಲ. ಕಣ್ಣು ಮಾತ್ರ ಚೀಲದ ಮೇಲಿತ್ತು.

ಡಾಕ್ಟರ ಮಾತು ಕಿವಿಗೆ ಬಿದ್ದದ್ದೇ ಕನಕರಾಜು ಬೆನ್ನು ಎಳೆದುಕೊಂಡು ಜಾರುತ್ತ ಹೊರಗೆ ಬಂದ. ಮೊಣಕಾಲು ಬಂತು, ಹೊಟ್ಟೆ ಬಂತು, ತಲೆ ಬಂತು. ಎದ್ದು ನಿಂತು ಎಣ್ಣೆಗೈಯನ್ನು ಲುಂಗಿಗೆ ಒರೆಸಿಕೊಂಡ. "ಎಲ್ಲವ್ವಾ ಫೋನು?"

ಬೆಳ್ಳಮ್ಮ ಅವನ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಸುತ್ತಿಗೆ ಕಾಲಬಳಿ ಬಿತ್ತು. ಅವಳ ಕಣ್ಣು ನೆಟ್ಟಿದ್ದ ಕಡೆಗೆ ತಿರುಗಿ, ಅವನು ಬಗ್ಗಿ ಚೀಲವನ್ನು ಜಗ್ಗಿದ. ಚೀಲ ಬರಲಿಲ್ಲ. ಅದು ಯಾಕೆ ಚಕ್ರದಡಿ ಸಿಕ್ಕಿಕೊಂಡಿದೆ ಎಂದು ಅವನ ಹುಬ್ಬು ಗಂಟಾಗುವಷ್ಟರಲ್ಲಿ ಗಾಡಿಯಡಿ ಏನೋ ಕರಕ್ಕೆಂದಿತು. ಹಿಂದಿನ ಚಕ್ರ ಚೀಲದ ಮೇಲೆ ಪೂರ್ತಿ ಹತ್ತಿ, ಅವನು ಮಲಗಿದ್ದ ಜಾಗವನ್ನು ದಾಟಿ ಹೋಯಿತು. ಗಾಡಿ ಯಾರೂ ಇಲ್ಲದೆ, ಅವಸರವೂ ಇಲ್ಲದೆ ಅಂಗಳವಿಳಿದು, ರಸ್ತೆ ದಾಟಿ, ಎದುರು ಮನೆಯ ಗುಂಡಯ್ಯನ ತಿಪ್ಪೆಗೆ ಮೂತಿ ತೂರಿಸಿ ನಿಂತಿತು. ಕೋಳಿಗಳು ಚೆದುರಿದವು. ಪುಣ್ಯಕ್ಕೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ದೊಡ್ಡಬೀರಯ್ಯ ಜಗಲಿಯಿಂದಿಳಿದು ಬಂದು, ಚಕ್ರದ ಗುರುತು ಬಿದ್ದ ಚೀಲವನ್ನು ನೋಡಿ, ಬಾಯಲ್ಲಿದ್ದುದನ್ನು ಉಗಿದ.

"ನಿಖಿತಾ..." ಎಂದ ಕನಕರಾಜು.

"ಫೋನೂ ಇಲ್ಲ ಏನೂ ಇಲ್ಲ ಕಣ್ಲಾ" ಎಂದಳು ಬೆಳ್ಳಮ್ಮ. ಮಗ ಅವಳನ್ನು ಹಿಡಿದು ಜಗಲಿಯ ಮೇಲೆ ಕೂರಿಸಿದ. ಗಂಡ ನೀರು ತಂದ. ಒಂದು ಗುಟುಕು ಕುಡಿದವಳು ಲೋಟ ಕೆಳಗಿಟ್ಟು, "ಮೊದ್ಲು ಅವ್ಳಿಗೆ ಫೋನ್ ಮಾಡು" ಎಂದಳು.

"ಯಾಕವ್ವಾ ಈಗ?"

"ಬಸ್ರಿ ಎಂಗ್ಸಿನ ಎಸ್ರಲ್ಲಿ ಡಾಕ್ಟ್ರು ಗೀಕ್ಟ್ರು ಅಂತ ಸುಳ್ಳು ಆಡ್ಬುಟ್ನಲ್ಲಪ್ಪಾ. ಮಾಡು, ಮಾಡು."

ಕನಕರಾಜು ಮಾಡಿದ. ನಿಖಿತಾ ಬಾಯಿ ತುಂಬಿಕೊಂಡೇ ಮಾತಾಡಿದಳು. "ಮಾವಿನಕಾಯಿ ತಿಂತಾ ಇದೀನಿ ಕಣ್ರೀ. ಯಾಕೆ, ಏನಾಯ್ತು?"

"ಏನಿಲ್ಲ. ಅವ್ವ ಕೇಳು ಅಂದ್ಳು."

"ಉಪ್ಪು ಜಾಸ್ತಿ ಆಕ್ಕಬ್ಯಾಡ ಅನ್ನು" ಎಂದಳು ಬೆಳ್ಳಮ್ಮ ಪಕ್ಕದಿಂದ.

ಕೆಲಸ ಮುಗಿದಿರಲಿಲ್ಲವಲ್ಲ. ಗುಂಡಯ್ಯನೂ ದೊಡ್ಡಬೀರಯ್ಯನೂ ಸೇರಿ ನಾಲ್ಕೂ ಚಕ್ರಕ್ಕೆ ಮುಂದೆ ಹಿಂದೆ ಸೈಜುಗಲ್ಲು ಕೊಟ್ಟರು. ಕನಕರಾಜು ಎರಡೆರಡು ಸಲ ಗಾಡಿಯನ್ನು ನೂಕಿ ನೋಡಿದ. ಆಮೇಲೂ ಒಳಗೆ ಹೋಗಲಿಲ್ಲ. ತಿಪ್ಪೆಯ ಪಕ್ಕ ಬಂದು ಕೂತ ತಾಯಿಯ ಮುಖ ನೋಡಿದ.

"ಓಗ್ಲೇನವ್ವಾ?"

ಬೆಳ್ಳಮ್ಮ ಎದ್ದು ಹೋಗಿ ಒಂದೊಂದು ಕಲ್ಲನ್ನೂ ಕಾಲಲ್ಲಿ ಒದ್ದು ನೋಡಿ ಬಂದಳು. "ಓಗು."

ಅವನು ನುಗ್ಗಿದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು. "ಅವ್ವಾ, ಈಗ ಶಾಫ್ಟು ಕೆಳೀಕೆ ಇಳಿಸ್ತೀನಿ ಕಣ."

"ಇಳ್ಸು" ಎಂದಳು.

"ಈಗ ಸುತ್ತಿಗೇಲಿ ಹಳೇ ಜಾಯಿಂಟ್ ಒಡೀತೀನಿ. ಸದ್ದು ಬತ್ತದೆ."

"ಬರ್ಲಿ. ಕಣ್ಣು ಮುಚ್ಕಂಡು ಒಡಿ."

"ಕಣ್ಣು ಮುಚ್ಕಂಡು ಒಡುದ್ರೆ ಕೈ ಜಜ್ಕಳಾಕಿಲ್ವೇನವ್ವಾ?"

"ಅಂಗಾರೆ ಒಂದು ಕಣ್ಣು ಮುಚ್ಕ."

ಈ ಸಲ ದೊಡ್ಡಬೀರಯ್ಯ ನಗಲಿಲ್ಲ. ಸಂಜೆಯ ಬಿಸಿಲು ಇಳಿಯುವವರೆಗೂ ಮಗ ಒಂದೊಂದನ್ನೂ ಕೇಳಿ ಮಾಡಿದ, ಬೆಳ್ಳಮ್ಮ ಒಂದೊಂದಕ್ಕೂ ಉತ್ತರ ಕೊಟ್ಟಳು.