ಮಗು ಅತ್ತಾಗ ಏನೂ ಅನ್ನಿಸಲಿಲ್ಲ

ಎಪ್ಪತ್ತರ ದಶಕದಲ್ಲಿ ನಾನು ಹಲಗೂರಿನ ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್ ಆಗಿದ್ದೆ. ಸುತ್ತಲ ಹಳ್ಳಿಗಳಿಗೆಲ್ಲ ನಾನೊಬ್ಬಳೇ. ಯಾರು ಬಂದು ಕರೆದರೂ ಬಸ್ಸಿನಲ್ಲೋ ಎತ್ತಿನ ಗಾಡಿಯಲ್ಲೋ ಹೋಗುತ್ತಿದ್ದೆ. ರಜೆ ಕೇಳಿದರೆ ಡಾಕ್ಟರು, "ಇನ್ನೊಬ್ಬರು ಬರಲಿ, ಆಮೇಲೆ ನೋಡೋಣ" ಎನ್ನುತ್ತಿದ್ದರು. ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಹತ್ತಿರದ ಹಳ್ಳಿಯಲ್ಲಿ ಕಷ್ಟದ ಹೆರಿಗೆ. ಮಗು ಉಸಿರಾಡದೆ ನೀಲಿಗಟ್ಟಿತ್ತು. ಬಾಯಿ ಒರೆಸಿ ಬೆನ್ನು ಉಜ್ಜಿದೆ, ಅತ್ತಿತು. ಮನೆಯವರೆಲ್ಲ ಕಣ್ಣೊರೆಸಿಕೊಂಡರು. ನನಗೆ ಮಾತ್ರ ಏನೂ ಅನ್ನಿಸಲಿಲ್ಲ. ಅದು ಅಳದೆ ಹೋಗಿದ್ದರೂ ಹೀಗೇ ಇರುತ್ತಿದ್ದೆನೇನೋ.

ಬಿಸಿನೀರು ತಂದ ಬಾಣಂತಿಯ ಅಜ್ಜಿ ನನ್ನ ಮುಖ ನೋಡಿದಳು. "ಮಗಾ ಉಳೀತಲ್ಲವ್ವಾ, ಒಸಿ ನಗಬಾರ್ದಾ?"

"ನಗು ಬರೋದಿಲ್ಲ ಅಜ್ಜಿ. ಬಹಳ ದಿನ ಆಯ್ತು" ಎಂದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

"ಎತ್ತಿಗೂ ನೊಗ ಇಳ್ಸಿ ಕಟ್ಟಾಕ್ತೀವಿ ಕಣವ್ವಾ. ಬಸ್ಸು ಬರಗಂಟ ಮನೀಕ" ಎಂದು ಚಾಪೆ ಹಾಸಿದಳು.

ಮಧ್ಯಾಹ್ನ ಆಸ್ಪತ್ರೆಗೆ ಮರಳಿ ನೇರ ಡಾಕ್ಟರ ಬಳಿ ಹೋದೆ. "ಸಾರ್, ಮಗು ಬದುಕಿದರೂ ಸತ್ತರೂ ನನಗೀಗ ಒಂದೇ ಅನ್ನಿಸ್ತಿದೆ. ಇಂಥವಳನ್ನ ಹೆರಿಗೆಗೆ ಕಳಿಸಬೇಡಿ." ಅವರು ಅಂದೇ ರಜೆ ಕೊಟ್ಟರು.

ಮಂಡ್ಯದಲ್ಲಿ ಅಕ್ಕನ ಮನೆಯಲ್ಲಿ ಅವಳು ಬಡಿಸಿದ್ದನ್ನು ಉಂಡು ಮಲಗುತ್ತಿದ್ದೆ, ಅಷ್ಟೇ. ರಜೆ ಮುಗಿಸಿ ಬರುವ ಹೊತ್ತಿಗೆ ಮಳವಳ್ಳಿಯಿಂದ ಇನ್ನೊಬ್ಬ ನರ್ಸ್ ಬಂದಿದ್ದರು. ಹಳ್ಳಿಗಳನ್ನೂ ಬಿಡುವಿನ ದಿನಗಳನ್ನೂ ಹಂಚಿಕೊಂಡೆವು. ಖುಷಿ ಕೂಡಲೇ ಮರಳಲಿಲ್ಲ. ಆದರೆ ನನ್ನ ಬಿಡುವಿನ ದಿನ ಯಾರಾದರೂ ಕರೆಯಲು ಬಂದರೆ, "ಇವತ್ತು ಇನ್ನೊಬ್ಬ ನರ್ಸ್ ಬರ್ತಾರೆ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುವುದನ್ನು ಕಲಿತೆ.