ನಮ್ಮ ಮನೆಯವರು ಬಾಯಿ ಮುಚ್ಚಿಕೊಂಡಿದ್ದ ಇಪ್ಪತ್ತಾರು ದಿನ

ನಮ್ಮ ಮನೆಯವರದು ಕಟಿಂಗ್ ಶಾಪ್. ಕೆಳಗೆ ಅಂಗಡಿ, ಮೇಲೆ ಮನೆ. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಎರಡನೇ ಕುರ್ಚಿಯಲ್ಲಿ ಕಟಿಂಗ್‌ಗೆ ಬಂದವರು ಕೂರುವುದು ಕಡಿಮೆ. ಕಟಿಂಗ್ ಮುಗಿದಮೇಲೂ ಎದ್ದು ಹೋಗಲು ಮನಸ್ಸಿಲ್ಲದವರು ಅಲ್ಲಿ ಕೂರುತ್ತಾರೆ. ಅಷ್ಟು ಹೊತ್ತಿಗೆ ಇವರ ಮಾತು ಇನ್ನೂ ಅರ್ಧ ದಾರಿಯಲ್ಲಿರುತ್ತದೆ, ಅದಕ್ಕೆ.

ಮಾತು ಅಂದರೆ ಎಂಥ ಮಾತು! ಯಾರ ಮಗಳು ಪಾಸಾದಳು, ಯಾವ ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಹನ್ನೆರಡು ವರ್ಷ ಮುಖ ತಿರುಗಿಸಿಕೊಂಡಿದ್ದ ಅಣ್ಣತಮ್ಮಂದಿರು ಯಾವ ಬಸ್ಸಿನಲ್ಲಿ ಅಕ್ಕಪಕ್ಕ ಕೂರಬೇಕಾಗಿ ಬಂತು, ಎಲ್ಲವೂ ಇವರ ಬಾಯಲ್ಲಿ. ಅದೂ ಇದ್ದದ್ದು ಇದ್ದಹಾಗೆ ಅಲ್ಲ, ಸ್ವಲ್ಪ ಒಗ್ಗರಣೆ ಹಾಕಿ. ನಾನು ಹಿಂದಿನ ಕೋಣೆಯಲ್ಲಿ ಅಂಗಡಿಯ ಟವೆಲ್ ಒಗೆದು ಇಸ್ತ್ರಿ ಮಾಡುವವಳು. ಮೂವತ್ತೊಂದು ವರ್ಷದಿಂದ ನನ್ನ ಕಿವಿ ತೂತು ಬಿದ್ದು ಹೋಗಿದೆ.

ಇವರ ಮಾತಿಗೆ ಎಷ್ಟು ಬೆಲೆ ಎಂದರೆ, ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಪ್ರತಿ ಗುರುವಾರ ತಪ್ಪದೆ ಬರುತ್ತಾರೆ. ಅವರ ತಲೆಯಲ್ಲಿರುವುದು ಎಣಿಸಿದರೆ ಹದಿನಾಲ್ಕು ಕೂದಲು. ಇವರು ಆ ಹದಿನಾಲ್ಕನ್ನೂ ಮುಕ್ಕಾಲು ಗಂಟೆ ಕತ್ತರಿಸುತ್ತಾರೆ.

ಹೀಗಿದ್ದವರಿಗೆ ಒಂದು ಕೊರಗು ಹತ್ತಿಕೊಂಡಿತ್ತು. ಹರೆಯದವರು ಯಾರೂ ಅಂಗಡಿಗೆ ಬರುತ್ತಿರಲಿಲ್ಲ. ಎಲ್ಲರೂ ಮೊಬೈಲಿನಲ್ಲಿ ನೋಡಿ, ಮೊಬೈಲಿನಲ್ಲೇ ಟೈಮ್ ಬುಕ್ ಮಾಡಿಕೊಂಡು ಬೇರೆ ಕಡೆ ಹೋಗುತ್ತಿದ್ದರು. "ಇನ್ನು ಹತ್ತು ವರ್ಷ ಹೋದ್ರೆ ನನ್ನ ಗಿರಾಕಿ ಎಲ್ಲಾ ಬೋಳುತಲೆಯವರೇ ಕಣೇ," ಎಂದು ನಿಟ್ಟುಸಿರು ಬಿಡುತ್ತಿದ್ದರು. ತಮಾಷೆಗೆ ಹೇಳಿದರೂ ಒಳಗೆ ಹೆದರಿದ್ದರು. ನನಗೆ ಗೊತ್ತಾಗದೆ ಇರುತ್ತದೆಯೇ?

ಆಗ ರಂಗಕ್ಕೆ ಬಂದವರು ಅಳಿಯಂದಿರು. ಮೊಬೈಲ್ ಅಂಗಡಿಯಲ್ಲಿ ಕೆಲಸ. ವಾರಕ್ಕೊಂದು ಹೊಸ ಆ್ಯಪ್ ಬಾರದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಒಳ್ಳೆಯವರೇ, ಇಲ್ಲವೆನ್ನುವುದಿಲ್ಲ. ಆದರೆ ಅಳಿಯ ಎನ್ನುವ ಒಂದೇ ಕಾರಣಕ್ಕೆ ನಾನು ನುಂಗಿಕೊಂಡ ಮಾತುಗಳನ್ನು ಕೂಡಿಟ್ಟಿದ್ದರೆ ಒಂದು ಗೋಣಿಚೀಲ ತುಂಬುತ್ತಿತ್ತು.

"ಮಾವ, ನೀವು ಟ್ರೆಂಡ್ ಹಿಡೀಬೇಕು," ಎಂದರು. ಮೊದಲು ಬಾಚಣಿಗೆ ಹಿಡಿದು ಕುಣಿಯುವ ರೀಲ್ ಮಾಡಿಸಿದರು. ನೋಡಿದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ನಮ್ಮ ಮನೆಯ ಜನವೇ. ಇವರಿಗೆ ಎರಡು ದಿನ ಸೊಂಟ ಹಿಡಿದುಕೊಂಡಿತು. ಆಮೇಲೆ ಮಾತಾಡುವ ವಿಡಿಯೊ. "ಮೂರು ಸೆಕೆಂಡಲ್ಲಿ ವಿಷಯಕ್ಕೆ ಬರಬೇಕು ಮಾವ, ಇಲ್ಲಾಂದ್ರೆ ಜನ ಮುಂದಕ್ಕೆ ಹೋಗ್ತಾರೆ." ಮೂರು ಸೆಕೆಂಡು! ಇವರಿಗೆ ಗಂಟಲು ಸರಿಮಾಡಿಕೊಳ್ಳಲಿಕ್ಕೇ ಐದು ಸೆಕೆಂಡು ಬೇಕು. ಬಸ್ಸಿನ ಅಣ್ಣತಮ್ಮಂದಿರ ಕಥೆ ಹೇಳಲು ಹೊರಟು, ಬಸ್ಸು ಸ್ಟ್ಯಾಂಡು ಬಿಡುವಷ್ಟರಲ್ಲಿ ಸಮಯ ಮುಗಿದೇ ಹೋಗಿತ್ತು.

ಅಷ್ಟರಲ್ಲಿ ಇವರಿಗೆ ಶೀತವಾಗಿ ಗಂಟಲು ಕಟ್ಟಿತು. ಒಂದು ವಾರ ತುಟಿ ಬಿಚ್ಚಬಾರದು ಎಂದರು ಡಾಕ್ಟರು. ಅಳಿಯಂದಿರು ಸುಮ್ಮನಿರಲಿಲ್ಲ. ಇವರು ಕೆಲಸ ಮಾಡುವಾಗ ಕತ್ತರಿಯ ಪಕ್ಕದಲ್ಲೇ ಮೈಕ್ ಹಿಡಿದು ಮುಖ ಕಾಣದ ಹಾಗೆ ವಿಡಿಯೊ ಮಾಡಿದರು. ಕಚಕ್ ಕಚಕ್ ಕತ್ತರಿ, ಸರ್ ಎನ್ನುವ ಬಾಚಣಿಗೆ, ಪುಸ್ ಪುಸ್ ಎಂದು ನೀರು ಸಿಂಪಡಿಸುವ ಬಾಟಲಿ. ಅಷ್ಟೇ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾಲ್ಕು ದಿನದಲ್ಲಿ ಅದನ್ನು ಎರಡು ಲಕ್ಷ ಜನ ನೋಡಿದರು! "ಕೇಳ್ತಾ ಕೇಳ್ತಾ ಹಾಯಾಗಿ ನಿದ್ದೆ ಬಂತು" ಎಂದು ಯಾರ್‍ಯಾರೋ ಬರೆದರು. ಈಗ ಅದೇ ಟ್ರೆಂಡ್ ಅಂತೆ, ಮಾತಿಲ್ಲದ ಸದ್ದು. ಇವರ ಮಾತಿಗೆ ನಾನು ಮೂವತ್ತೊಂದು ವರ್ಷ ನಿದ್ದೆಗೆಟ್ಟಿದ್ದರೆ, ಇವರ ಮೌನಕ್ಕೆ ಜಗತ್ತೆಲ್ಲ ಗೊರಕೆ ಹೊಡೆಯುತ್ತಿತ್ತು.

ಬೆಂಚು ತುಂಬಿತು. ಬಣ್ಣ ಹಾಕಿದ ಕೂದಲಿನವರು, ಕಿವಿಗೆ ಮೂರು ಮೂರು ಓಲೆಯವರು, ಎಲ್ಲೆಲ್ಲಿಂದಲೋ ಬಂದು ಸಾಲಾಗಿ ಕೂತರು. ಇವರ ಮುಖ ಹೂವಿನಂತೆ ಅರಳಿತು. ಗಂಟಲು ವಾಸಿಯಾಯಿತು. ವಾಸಿಯಾದ ದಿನವೇ ಅಳಿಯಂದಿರು ಕನ್ನಡಿಯ ಮೇಲೆ ಬೋರ್ಡ್ ಅಂಟಿಸಿದರು: "ದಯವಿಟ್ಟು ಮಾತು ಬೇಡ."

ಫ್ಯಾನ್ ಬೇಡ, ಸದ್ದು ಬರುತ್ತದೆ. ರೇಡಿಯೊ ಬೇಡ. ನಾನು ಬಕೆಟ್ ಎಳೆಯಬಾರದು. ಒಂದು ದಿನ ಮೇಲಿನಿಂದ ನನ್ನ ಕುಕ್ಕರ್ ಸೀಟಿ ಹೊಡೆಯಿತೆಂದು ಅಳಿಯಂದಿರು ಮೆಟ್ಟಿಲು ಹತ್ತಿ ಬಂದು, "ಅತ್ತೆ, ಸ್ವಲ್ಪ ಆಮೇಲೆ ಇಡ್ತೀರಾ?" ಎಂದರು. ನನಗೆ ಮೈಯೆಲ್ಲ ಉರಿದು ಹೋಯಿತು. "ಆಗಲಿ, ಅಕ್ಕಿಗೆ ಹೇಳ್ತೀನಿ ಮೆತ್ತಗೆ ಬೇಯಿ ಅಂತ," ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಗುರುವಾರ ಪೋಸ್ಟ್‌ಮ್ಯಾನ್ ಬಂದು, "ಏನಯ್ಯಾ, ವಿಷಯ ಗೊತ್ತಾ?" ಎಂದು ಶುರು ಮಾಡಿದರು. ಇವರು ತುಟಿಯ ಮೇಲೆ ಬೆರಳಿಟ್ಟು ಬೋರ್ಡ್ ತೋರಿಸಿದರು. ಅವರು ಬೋರ್ಡ್ ನೋಡಿದರು, ಇವರನ್ನು ನೋಡಿದರು, ಕೊಡೆ ತೆಗೆದುಕೊಂಡು ಹೊರಟೇಹೋದರು. ಮುಂದಿನ ಗುರುವಾರ ಬರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಸ್ವರ್ಗ ಸಿಕ್ಕಿದಂತಾಗಿತ್ತು. ಇಸ್ತ್ರಿ ಮಾಡುತ್ತಾ ನನ್ನದೇ ಯೋಚನೆ ನನಗೆ ಕೇಳಿಸುತ್ತಿತ್ತು! ಆದರೆ ಇವರು ಮೇಲೆ ಬಂದಮೇಲೂ ಮಾತಾಡುವುದನ್ನು ಬಿಟ್ಟರು. ತಟ್ಟೆಯ ಮುಂದೆ ಕೂತು "ಉಪ್ಪು" ಎನ್ನುವುದು, ಎದ್ದು ಹೋಗುವುದು. ಒಂದು ದಿನ ತಾಳಲಾರದೆ, "ರೀ, ಏನಾದ್ರೂ ಹೇಳ್ರೀ," ಎಂದೆ.

"ಹೇಳೋಕೆ ಏನಿದೆ?" ಎಂದರು.

ಈ ಮನುಷ್ಯನ ಬಾಯಿಂದ ಈ ಮಾತೇ? ಆಮೇಲೆ ಹೊಳೆಯಿತು. ಕುರ್ಚಿಯಲ್ಲಿ ಕೂತವರು ಹೇಳಿದ್ದರಿಂದ ತಾನೇ ಇವರ ಹತ್ತಿರ ಮಾತು ಇರುತ್ತಿದ್ದುದು? ಈಗ ಕೂತವರು ಕಣ್ಣು ಮುಚ್ಚಿಕೊಂಡು ಕೂತು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಒಳಗೆ ಏನೂ ಬೀಳುತ್ತಿಲ್ಲ, ಹೊರಗೆ ಏನು ಬರಬೇಕು?

ಎದುರು ಅಂಗಡಿಯ ಟೈಲರ್ ಅಕ್ಕನಿಗೆ ಮೊಮ್ಮಗಳು ಹುಟ್ಟಿ ಎಂಟು ದಿನವಾಗಿತ್ತು. ಇವರಿಗೆ ಗೊತ್ತೇ ಇರಲಿಲ್ಲ. ಮೊದಲಾಗಿದ್ದರೆ ಮಗು ಅಳುವ ಮುಂಚೆ ಇವರಿಗೆ ಸುದ್ದಿ ಬರುತ್ತಿತ್ತು. ನಾನು ಹೇಳಿದಾಗ ಟವೆಲ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟರು. "ಎಂಟು ದಿನ ಆಯ್ತಾ? ನನಗ್ಯಾರೂ ಹೇಳಲೇ ಇಲ್ವಲ್ಲೇ." ಆ ಮುಖ ನೋಡಿ ನನಗೆ ಅಳು ಬಂತು. ಹರೆಯದವರು ಬರಲಿ ಎಂದು ಆಸೆಪಟ್ಟವರು, ಬಂದಮೇಲೆ ತಮ್ಮ ಬೀದಿಯನ್ನೇ ಕಳೆದುಕೊಂಡಿದ್ದರು. ಬೋರ್ಡ್ ಕಿತ್ತು ಹಾಕಿ ಎಂದರೆ, "ಮತ್ತೆ ಇವರೆಲ್ಲಾ ಹೊರಟು ಹೋದ್ರೆ?" ಎಂದರು. ಅಷ್ಟು ಭಯ.

ನಾನು ಸೀರೆ ಸರಿಮಾಡಿಕೊಂಡು ನೆಟ್ಟಗೆ ಪೋಸ್ಟ್‌ಮ್ಯಾನ್ ಮನೆಗೆ ಹೋದೆ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಕಣ್ಣಿನ ಆಪರೇಷನ್ ಆಗಿ ಹತ್ತು ದಿನವಾಗಿತ್ತು. "ಅಂಗಡಿ ಕಡೆ ಬರಲೇ ಇಲ್ಲ?" ಎಂದೆ. "ಮಾತಿಲ್ಲದ ಅಂಗಡೀಲಿ ನನಗೇನು ಕೆಲಸ ಕಣಮ್ಮಾ? ನನ್ನ ತಲೇಲಿ ಕತ್ತರಿಸೋಕೇನಿದೆ?" ಎಂದರು. ಆಮೇಲೆ ಒಂದು ಸಂಗತಿ ಹೇಳಿದರು. ಕೇಳಿ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕೆ. "ಇದನ್ನ ಅವನಿಗೇ ಹೇಳ್ಬೇಕು ಅಂತ ಬಾಯಲ್ಲಿಟ್ಕೊಂಡು ಕೂತಿದ್ದೀನಿ," ಎಂದರು ಪಾಪ.

ಮರುದಿನ ಭಾನುವಾರ. ಐವತ್ತು ಸಾವಿರ ಫಾಲೋವರ್ಸ್ ಆದ ಸಂಭ್ರಮಕ್ಕೆ ಬೆಳಿಗ್ಗೆ ಹನ್ನೊಂದಕ್ಕೆ ಲೈವ್. ಕುರ್ಚಿಯಲ್ಲಿ ಅಳಿಯಂದಿರೇ ಕೂತರು. ಮುಂದೆ ಫೋನು, ಎರಡೂ ಕಿವಿಯ ಪಕ್ಕ ಮೈಕು. ಬೆಂಚಿನ ಮೇಲೆ ಹರೆಯದವರು ಉಸಿರು ಬಿಗಿಹಿಡಿದು ಕೂತಿದ್ದರು. ಇವರು ಕತ್ತರಿ ಆಡಿಸುತ್ತಿದ್ದರು. ದವಡೆ ಮಾತ್ರ ಸುಮ್ಮನೆ ಅಲುಗುತ್ತಿತ್ತು, ಮಾತನ್ನೇ ಅಗಿಯುತ್ತಿದ್ದ ಹಾಗೆ. ನಾನು ಟವೆಲ್ ಇಡಲು ಒಳಗೆ ಬಂದೆ. ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಸೇರಿತು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

"ರೀ," ಎಂದೆ ಜೋರಾಗಿ. "ಪೋಸ್ಟ್‌ಮ್ಯಾನ್ ಅವರ ಕಣ್ಣಿನ ಆಪರೇಷನ್ ಆಯ್ತಂತೆ, ಗೊತ್ತಾ?"

ಅಳಿಯಂದಿರು ಬಟ್ಟೆಯೊಳಗಿಂದ ಕೈ ತೆಗೆದು ಬೇಡ ಬೇಡ ಎಂದು ಆಡಿಸಿದರು. ಇವರ ಕತ್ತರಿ ನಿಂತಿತು.

"ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡ್ಕೊಂಡರಂತೆ. 'ಅಯ್ಯಯ್ಯೋ, ನನ್ನ ತಲೇಲಿ ಕೂದಲೇ ಇಲ್ವಲ್ಲೋ! ಹಾಗಾದ್ರೆ ಇಷ್ಟು ವರ್ಷ ಪ್ರತಿ ಗುರುವಾರ ಆ ಮಹಾನುಭಾವ ಏನು ಕತ್ತರಿಸ್ತಿದ್ದ?' ಅಂತ ಡಾಕ್ಟರನ್ನೇ ಕೇಳಿದರಂತೆ."

ಆಮೇಲೆ ಇವರ ಹೊಟ್ಟೆ ಕುಲುಕಿತು, ಭುಜ ಕುಲುಕಿತು, ಹೋ ಎಂದು ನಗು ಹೊರಗೆ ಬಂತು. ಬೆಂಚಿನಲ್ಲಿದ್ದವರೂ ನಕ್ಕರು. "ಡಾಕ್ಟರ್ ಏನಂದ್ರಂತೆ?" ಎಂದರು ಇವರು ಕಣ್ಣೊರೆಸಿಕೊಳ್ಳುತ್ತಾ. ಇಪ್ಪತ್ತಾರು ದಿನವಾಗಿತ್ತು ಇವರು ಅಂಗಡಿಯಲ್ಲಿ ಒಂದು ಪ್ರಶ್ನೆ ಕೇಳಿ! ಮತ್ತೆ ನನ್ನ ಉತ್ತರಕ್ಕೂ ಕಾಯದೆ, "ಆ ಮನುಷ್ಯನ ವಿಷಯ ನಿಮಗೆ ಗೊತ್ತಿಲ್ಲ, ಕೇಳಿ ಇಲ್ಲಿ," ಎಂದು ಬೆಂಚಿನ ಕಡೆ ತಿರುಗಿದರು. ಕಟ್ಟೆ ಒಡೆಯಿತು.

ನಾನು ಫೋನ್ ಕಡೆ ನೋಡಿದೆ. ಲೈವ್ ನೋಡುತ್ತಿದ್ದವರ ಲೆಕ್ಕ ಒಂಬತ್ತು ಸಾವಿರವಿದ್ದದ್ದು ಆರು ಸಾವಿರವಾಯಿತು, ಎರಡು ಸಾವಿರವಾಯಿತು, ಇನ್ನೂರಕ್ಕೆ ಇಳಿಯಿತು. ಇವರೂ ನೋಡಿದರು. ನನ್ನ ಜೀವ ಬಾಯಿಗೆ ಬಂತು. ಇವರು ಗಂಟಲು ಸರಿಮಾಡಿಕೊಂಡು, ಕೈ ಚಾಚಿ ಬೋರ್ಡನ್ನು ಪರ್ ಎಂದು ಕಿತ್ತು ಕಸದ ಬುಟ್ಟಿಗೆ ಹಾಕಿ ಕಥೆ ಮುಂದುವರಿಸಿದರು. ಬೆಂಚಿನಿಂದ ಇಬ್ಬರು ಎದ್ದು ಹೋದರು. ಐವರು ಉಳಿದರು. ಅರ್ಧ ತಲೆ ಕಟಿಂಗ್ ಆಗಿ ಅರ್ಧ ಹಾಗೇ ಉಳಿದಿದ್ದ ಅಳಿಯಂದಿರು ಫೋನನ್ನೇ ಮರೆತು, "ಆಮೇಲೆ ಏನಾಯ್ತು ಮಾವ?" ಎಂದರು. ಆ ಕ್ಷಣಕ್ಕೆ ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಅವತ್ತು ಇವರು ಊಟಕ್ಕೆ ಮೇಲೆ ಬರುವಷ್ಟರಲ್ಲಿ ಮೂರು ಗಂಟೆ. ತಟ್ಟೆಯ ಮುಂದೆ ಕೂತವರೇ, "ಏ, ನಿನಗೊಂದು ವಿಷಯ ಗೊತ್ತಾ? ನಮ್ಮ ಪೋಸ್ಟ್‌ಮ್ಯಾನ್ ಕಣ್ಣಿನ ಆಪರೇಷನ್ ಮಾಡಿಸ್ಕೊಂಡು, ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡ್ಕೊಂಡನಂತೆ..." ಎಂದು ಶುರು ಮಾಡಿದರು. ನಾನೇ ಹೇಳಿದ ಸುದ್ದಿ, ನನಗೇ! ಈಗ ಅದರಲ್ಲಿ ಇಬ್ಬರು ನರ್ಸ್‌ಗಳು ಬೇರೆ ಸೇರಿಕೊಂಡಿದ್ದರು, ಡಾಕ್ಟರೂ ಬೋಳುತಲೆಯವರಾಗಿದ್ದರು. ಅನ್ನ ಆರಿತು, ನನ್ನ ಎಂಜಲು ಕೈ ಒಣಗಿತು.

"ಹೌದಾ!" ಎಂದೆ. "ಆಮೇಲೆ?"